ತಾಟೆ ಮೀನೂ ಮರ ಕೊಳೆಸುವ ಅಣಬೆಯೂ ಒಂದೇ ಕೆಂಪು ಪಟ್ಟಿಯಲ್ಲಿ ಹೇಗೆ?

ಪ್ರಶ್ನೆ: ನಾನು ಉಡುಪಿ ಕಡೆಯವನು, ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿ ಮುಂಬಯಿಯ ಮುಲುಂಡ್‌ನಲ್ಲಿದ್ದೇನೆ. ಮೊಮ್ಮಗಳ ಶಾಲೆಯ ಪ್ರಾಜೆಕ್ಟಿಗಾಗಿ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯನ್ನು ನೋಡುತ್ತಿದ್ದಾಗ ಅದರಲ್ಲಿ ಗಂಗಾ ಶಾರ್ಕ್ ಇತ್ತು, ಮರವನ್ನು ಕೊಳೆಸುವ ಅಗಾರಿಕಾನ್ ಎಂಬ ಅಣಬೆಯೂ ಇತ್ತು. ಇಲ್ಲಿನ ಮಾರುಕಟ್ಟೆಯಲ್ಲಿ ತಾಟೆ ಮೀನು, ಅಂದರೆ ಶಾರ್ಕ್, ದಿನವೂ ಸಿಗುತ್ತದೆ. ನಮ್ಮ ಸೊಸೈಟಿಯ ಗುಲ್‌ಮೊಹರ್ ಮರದ ಬುಡದಲ್ಲಿ ಪ್ರತಿ ಮಳೆಗಾಲ ಗಟ್ಟಿ ಅಣಬೆ ಏಳುತ್ತದೆ. ಹೀಗಿರುವಾಗ ಎರಡಕ್ಕೂ ಅಳಿವಿನ ಭಯವಿದೆ ಎಂದರೆ ನಂಬುವುದು ಹೇಗೆ? ಕೋಟಿಗಟ್ಟಲೆ ಬೀಜಕಗಳನ್ನು ಚೆಲ್ಲುವ ಅಣಬೆಯನ್ನೂ ಮರಿ ಹಾಕುವ ಶಾರ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೆ? ನಮ್ಮ ಮರದ ಅಣಬೆಯನ್ನು ಕೆತ್ತಿ ತೆಗೆಯಬೇಕೋ, ಉಳಿಸಬೇಕೋ?

ಉತ್ತರ: ತಕ್ಕಡಿ ಒಂದೇ, ಮತ್ತು ಅದರಲ್ಲಿ ಎರಡನ್ನೂ ತೂಗಬಹುದು. ಆದರೆ ಈ ಎರಡು ಜೀವಿಗಳು ಕೆಂಪು ಪಟ್ಟಿಗೆ ಬಂದ ದಾರಿಗಳು ಬೇರೆ ಬೇರೆ. ಆದ್ದರಿಂದ ಅವನ್ನು ಉಳಿಸಿಕೊಳ್ಳುವ ದಾರಿಯೂ ಬೇರೆ. ಶಾರ್ಕಿಗೆ ಕುತ್ತು ಬಂದಿರುವುದು ನಾವು ಅದನ್ನೇ ಹಿಡಿದು ಮುಗಿಸುತ್ತಿರುವುದರಿಂದ. ಅಣಬೆಗೆ ಕುತ್ತು ಬಂದಿರುವುದು, ಅದನ್ನು ಯಾರೂ ಮುಟ್ಟದಿದ್ದರೂ ಅದು ಕೂರುವ ಮರವನ್ನು ನಾವು ಹಳೆಯದಾಗಲು ಬಿಡದಿರುವುದರಿಂದ. ಉಳಿದದ್ದೆಲ್ಲ ಈ ವ್ಯತ್ಯಾಸದ ವಿವರಣೆಯೇ ಆಗಿದೆ.

ಮೊದಲಿಗೆ ಮೀನುಪೇಟೆಯ ಮಾತು. ಅಳಿವಿನ ಲೆಕ್ಕವನ್ನು ಪ್ರಭೇದ ಪ್ರಭೇದವಾಗಿ ಬರೆಯುತ್ತಾರೆಯೇ ಹೊರತು ‘ಶಾರ್ಕ್’ ಎಂಬ ಒಂದೇ ತಲೆಬರಹದ ಕೆಳಗೆ ಬರೆಯುವುದಿಲ್ಲ. ಮುಂಬಯಿಯ ಮಾರುಕಟ್ಟೆಗಳಲ್ಲಿ ಮುಶಿ ಅಥವಾ ಮೋರಿ ಎಂದು ಮಾರುವ, ಮೊಣಕೈಯುದ್ದದ ಬೂದುಬಣ್ಣದ ಮೀನು ಬಹುಪಾಲು ಸ್ಕೋಲಿಯೋಡಾನ್ ಲಾಟಿಕಾಡಸ್ ಎಂಬ ಚಪ್ಪಟೆ ಮೂತಿಯ ಸಣ್ಣ ಶಾರ್ಕ್. ಅದು ಮುಕ್ಕಾಲು ಮೀಟರಿಗಿಂತ ಉದ್ದ ಬೆಳೆಯುವುದು ಅಪರೂಪ. ಒಂದೆರಡು ವರ್ಷಗಳಲ್ಲೇ ಪ್ರಾಯಕ್ಕೆ ಬರುತ್ತದೆ. ಅದರ ಮೊಟ್ಟೆ ಒಂದು ಮಿಲಿಮೀಟರಿನಷ್ಟೇ ಇದ್ದು, ಹಳದಿ ಭಾಗ ಎನ್ನುವಂಥದ್ದು ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ; ಭ್ರೂಣವು ಆರಂಭದಿಂದಲೇ ತಾಯಿಯ ಒಡಲಿನಿಂದ ಆಹಾರವನ್ನು ಪಡೆಯುತ್ತದೆ, ಮುಂದೆ ಮಾಸುಚೀಲದ ಮೂಲಕ ಬೆಳೆಯುತ್ತದೆ. ಒಂದು ಸೂಲಿನಲ್ಲಿ ಹತ್ತು ಹದಿನೈದು ಮರಿಗಳಾಗುವುದು ಸಾಮಾನ್ಯ. ಮಹಾರಾಷ್ಟ್ರದ ಕರಾವಳಿಯಲ್ಲಿ ಡೋಲ್ ಬಲೆ, ಟ್ರಾಲ್ ಬಲೆಗಳ ಒತ್ತಡವನ್ನು ಇಷ್ಟು ಕಾಲ ಅದು ತಾಳಿಕೊಂಡಿರುವುದಕ್ಕೆ ಈ ಚುರುಕಾದ ಬಾಳಿನ ಕ್ರಮವೇ ಮುಖ್ಯ ಕಾರಣ. ಹಾಗಿದ್ದೂ ಕೆಂಪು ಪಟ್ಟಿಯಲ್ಲಿ ಅದು ನಿಶ್ಚಿಂತೆಯ ವರ್ಗದಲ್ಲಿಲ್ಲ, ಅಪಾಯದ ಹೊಸ್ತಿಲಿನ ವರ್ಗದಲ್ಲಿದೆ. ದಿನವೂ ಬುಟ್ಟಿ ತುಂಬ ಬರುತ್ತದೆ ಎಂಬುದು ಬಲೆಗಳ ಸಂಖ್ಯೆಗೂ ಸಾಕ್ಷಿಯಾಗಬಹುದು; ಮೀನಿನ ಸಮೃದ್ಧಿಗೆ ಮಾತ್ರವೇ ಅದು ಸಾಕ್ಷಿಯಲ್ಲ.

ಗಂಗಾ ಶಾರ್ಕ್ ಬೇರೆಯೇ ಜೀವಿ. ಗ್ಲೈಫಿಸ್ ಗಂಜೆಟಿಕಸ್ ಎಂಬ ಈ ಪ್ರಭೇದವನ್ನು ಜರ್ಮನಿಯ ಮ್ಯುಲರ್ ಮತ್ತು ಹೆನ್ಲೆ 1839ರಲ್ಲಿ ವರ್ಣಿಸಿದರು. ಕೆಸರುನೀರಿನ ಬಾಳಿಗೆ ಹೊಂದಿಕೊಂಡ ಸಣ್ಣ ಕಣ್ಣುಗಳ ಈ ಮೀನು ನದಿಗಳಲ್ಲೂ ನದೀಮುಖಗಳಲ್ಲೂ ಕರಾವಳಿಯಲ್ಲೂ ಇರಬಲ್ಲದು. ನದಿಗೆ ನುಗ್ಗುವ ಇನ್ನೊಂದು ಶಾರ್ಕ್, ಅಂದರೆ ಬುಲ್ ಶಾರ್ಕ್, ಇದರಂತೆಯೇ ಕಾಣುವುದರಿಂದ ಹಳೆಯ ವರದಿಗಳಲ್ಲಿ ಎರಡೂ ಕಲಸಿಹೋಗಿವೆ. ಇದನ್ನು ಖಚಿತವಾಗಿ ಗುರುತಿಸಿದ ದಾಖಲೆಗಳು ಬಹಳ ವಿರಳ. ಅಂಥವುಗಳಲ್ಲಿ ಒಂದು ಮುಂಬಯಿಯದೇ: 2016ರ ಫೆಬ್ರವರಿಯಲ್ಲಿ ಸಸೂನ್ ಡಾಕ್‌ನಲ್ಲಿ ಇಳಿಸಿದ ಮೀನುಗಳ ನಡುವೆ ಎರಡೂವರೆ ಮೀಟರಿಗಿಂತ ಉದ್ದದ ಒಂದು ಹೆಣ್ಣು ಗಂಗಾ ಶಾರ್ಕ್ ಸಂಶೋಧಕರ ಕಣ್ಣಿಗೆ ಬಿತ್ತು. 2001ರಿಂದಲೇ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಎಂದರೆ ಹುಲಿಗೆ ಇರುವ ಕಾನೂನಿನ ಕಾವಲೇ ಅದಕ್ಕೂ ಇದೆ. ಆದರೆ ಹುಲಿಗೆ ಗುರಿಯಿಡುವವನಿಗೆ ತಾನು ಏನು ಮಾಡುತ್ತಿದ್ದೇನೆಂಬುದು ಗೊತ್ತಿರುತ್ತದೆ. ಬೊಂಬಿಲ್‌ಗೋ ಸಿಗಡಿಗೋ ಬಲೆ ಬಿಟ್ಟ ಕೋಲಿ ಮೀನುಗಾರನಿಗೆ ತನ್ನ ಬಲೆಯಲ್ಲಿ ಯಾವ ಶಾರ್ಕ್ ಸತ್ತಿದೆ ಎಂಬುದು ಬಲೆ ಎತ್ತಿದ ಮೇಲಷ್ಟೇ ತಿಳಿಯುವುದು. ಈ ಕಾಯ್ದೆ ಅಗತ್ಯವೆಂದೇ ನನ್ನ ಅಭಿಪ್ರಾಯ, ಆದರೆ ಅದೊಂದರಿಂದಲೇ ಈ ಮೀನು ಉಳಿದೀತು ಎಂಬ ನಂಬಿಕೆ ನನಗಿಲ್ಲ.

ದೊಡ್ಡ ಶಾರ್ಕುಗಳ ಕಷ್ಟವೆಲ್ಲ ಅವುಗಳ ಸಂತಾನಕ್ರಮದಲ್ಲಿದೆ. ಬಂಗುಡೆ, ಬೂತಾಯಿಗಳು ಬೇಗ ಪ್ರಾಯಕ್ಕೆ ಬಂದು ಸಾವಿರ ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ. ಒಂದು ಒಳ್ಳೆಯ ವರ್ಷ ಬಂದರೆ ಕಳೆದುಕೊಂಡದ್ದನ್ನು ತುಂಬಿಕೊಳ್ಳುತ್ತವೆ. ಸುತ್ತಿಗೆ ತಲೆಯ ಶಾರ್ಕುಗಳಲ್ಲಿ ಸ್ಫೈರ್ನಾ ಲೆವಿನಿ ಎಂಬುದನ್ನು ನೋಡಿ: ಹೆಣ್ಣು ಪ್ರಾಯಕ್ಕೆ ಬರಲು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು, ಗರ್ಭಾವಧಿ ಒಂಬತ್ತು ತಿಂಗಳಿಂದ ಒಂದು ವರ್ಷ, ಒಂದು ಸೂಲಿಗೆ 12ರಿಂದ 40ರಷ್ಟು ಮರಿಗಳು. ಒಂದು ತಲೆಮಾರು ಕಳೆದು ಇನ್ನೊಂದು ಅದರ ಜಾಗಕ್ಕೆ ಬರಲು ಸುಮಾರು 24 ವರ್ಷ ಹಿಡಿಯುತ್ತದೆ. ತಾವು ಬ್ಯಾಂಕಿನಲ್ಲಿದ್ದವರಾದ್ದರಿಂದ ಹೀಗೆ ಹೇಳಬಹುದು: ಬಂಗುಡೆಯ ವಿಷಯದಲ್ಲಿ ನಾವು ಬಹುಮಟ್ಟಿಗೆ ಬಡ್ಡಿಯನ್ನು ತಿನ್ನುತ್ತೇವೆ, ಸುತ್ತಿಗೆ ತಲೆಯ ಶಾರ್ಕಿನ ವಿಷಯದಲ್ಲಿ ಬಡ್ಡಿ ಎಷ್ಟು ಅತ್ಯಲ್ಪವೆಂದರೆ ಬಲೆ ಬಿಟ್ಟ ಕೂಡಲೇ ಅಸಲಿಗೆ ಕೈ ಹೋಗುತ್ತದೆ. 2021ರಲ್ಲಿ ಪ್ರಕಟವಾದ ಜಾಗತಿಕ ಪರಿಶೀಲನೆಯ ಪ್ರಕಾರ ಶಾರ್ಕ್, ತೊರಕೆ (ರೇ ಮೀನು) ಮತ್ತು ಅವುಗಳ ಬಂಧುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರಭೇದಗಳು ಅಳಿವಿನ ಭಯವನ್ನು ಎದುರಿಸುತ್ತಿವೆ, ಮತ್ತು ಅವೆಲ್ಲಕ್ಕೂ ಅತಿಯಾದ ಮೀನುಗಾರಿಕೆ ಕಾರಣಗಳಲ್ಲಿ ಒಂದಾಗಿದೆ. ಶಾರ್ಕ್ ರೆಕ್ಕೆಗಳ ರಫ್ತನ್ನು ಭಾರತ 2015ರಲ್ಲೇ ನಿಷೇಧಿಸಿತು. ಆದರೆ ನಮ್ಮ ಕರಾವಳಿಯಲ್ಲಿ ಶಾರ್ಕಿನ ಮಾಂಸಕ್ಕೇ ಬೇಡಿಕೆ ಇರುವುದರಿಂದ ರೆಕ್ಕೆಯ ನಿಷೇಧದ ಪರಿಣಾಮ ಸೀಮಿತವಾದುದು.

ಇನ್ನು ತಕ್ಕಡಿಯ ವಿಚಾರ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಐದು ಮಾನದಂಡಗಳಿವೆ. ಸೂಕ್ಷ್ಮಜೀವಿಗಳನ್ನು ಬಿಟ್ಟರೆ ಉಳಿದೆಲ್ಲ ಜೀವಿಗಳಿಗೂ ಅವೇ ಅನ್ವಯಿಸುತ್ತವೆ, ಮತ್ತು ಅವುಗಳಲ್ಲಿ ಯಾವುದಾದರೊಂದಕ್ಕೆ ಒಳಪಟ್ಟರೂ ಪ್ರಭೇದವು ಅಳಿವಿನ ಭಯವಿರುವ ವರ್ಗಕ್ಕೆ ಸೇರುತ್ತದೆ. ಒಂದು ಮಾನದಂಡ ಇಳಿಕೆಯ ವೇಗವನ್ನು ಅಳೆಯುತ್ತದೆ: ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ, ಇಳಿಕೆಯ ಕಾರಣ ಇನ್ನೂ ನಿಂತಿಲ್ಲವಾದರೆ, ಸಂಖ್ಯೆ ಶೇ. 50ರಷ್ಟು ಕುಸಿದಿದ್ದರೆ ಅಳಿವಿನಂಚಿನ ವರ್ಗ, ಶೇ. 80ರಷ್ಟು ಕುಸಿದಿದ್ದರೆ ತೀವ್ರ ಅಳಿವಿನಂಚಿನ ವರ್ಗ. ಉಳಿದವು ಹರವಿನ ವಿಸ್ತಾರ, ಒಟ್ಟು ಸಂಖ್ಯೆ ಮುಂತಾದವನ್ನು ನೋಡುತ್ತವೆ. ಸಂತಾನ ಪಡೆಯಬಲ್ಲ ಜೀವಿಗಳು ಜಗತ್ತಿನಲ್ಲಿ 50ಕ್ಕಿಂತ ಕಡಿಮೆ ಉಳಿದಿದ್ದರೆ ಬೇರೆ ಸಾಕ್ಷ್ಯವೇ ಬೇಡ. ವರ್ಷಗಳ ಬದಲು ತಲೆಮಾರುಗಳಲ್ಲಿ ಅಳೆಯುವುದರಿಂದಲೇ ಬೇರೆ ಬೇರೆ ಬಾಳಿನ ಜೀವಿಗಳನ್ನು ಹೋಲಿಸಲು ಸಾಧ್ಯವಾಗಿದೆ. ಸುತ್ತಿಗೆ ತಲೆಯ ಶಾರ್ಕಿಗೆ ಮೂರು ತಲೆಮಾರು ಎಂದರೆ 70 ವರ್ಷಕ್ಕೂ ಮೀರಿದ ಕಾಲ, ಅಷ್ಟರಲ್ಲಿ ಶೇ. 80ಕ್ಕಿಂತ ಹೆಚ್ಚು ಇಳಿಕೆಯಾಗಿದೆ ಎಂಬ ಅಂದಾಜಿನ ಮೇಲೆ ಅದನ್ನು ತೀವ್ರ ಅಳಿವಿನಂಚಿನ ವರ್ಗದಲ್ಲಿ ಇರಿಸಲಾಗಿದೆ.

ಈ ಮಾನದಂಡಗಳನ್ನು ಅಣಬೆಗೆ ಹಚ್ಚಲು ಹೊರಟಾಗ ಮೊದಲ ತೊಡಕು ‘ಒಂದು’ ಅಣಬೆ ಎಂದರೆ ಯಾವುದು ಎಂಬುದೇ. ಮರದ ಮೇಲೆ ಕಾಣುವ ಗಟ್ಟಿ ಅಣಬೆ ಬೀಜಕಗಳನ್ನು ಚೆಲ್ಲುವ ಅಂಗ ಮಾತ್ರ. ಜೀವಿಯ ಬಹುಪಾಲು ಮರದ ಒಳಗೆ ಕಣ್ಣಿಗೆ ಕಾಣದ ತಂತುಗಳ ಜಾಲವಾಗಿ ಹರಡಿಕೊಂಡಿರುತ್ತದೆ. ಒಂದೇ ದಿಮ್ಮಿಯಲ್ಲಿ ಎರಡು ಜಾಲಗಳು ಎದುರುಬದುರಾದರೆ ಅವು ನಡುವೆ ಕಪ್ಪು ಗಡಿರೇಖೆಯನ್ನು ಎಳೆದುಕೊಳ್ಳುವುದುಂಟು; ಕೊಯ್ದ ಹಲಗೆಯಲ್ಲಿ ಬಡಗಿಗಳು ಕಾಣುವ ಡೊಂಕು ಕಪ್ಪು ಗೆರೆಗಳು ಬಹಳ ಸಲ ಇವೇ. ಕಾಡಿನಲ್ಲಿ ಪ್ರತಿ ಮರವನ್ನೂ ಕೊಯ್ದು ಜಾಲಗಳನ್ನು ಎಣಿಸುವುದು ಸಾಧ್ಯವಿಲ್ಲದ ಮಾತು. ಆದ್ದರಿಂದ ತಜ್ಞರು ಆ ಅಣಬೆ ನೆಲೆಸಿದ ಒಂದೊಂದು ಮರವನ್ನೋ ದಿಮ್ಮಿಯನ್ನೋ ಒಂದು ಘಟಕವೆಂದು ಹಿಡಿದು, ಕಂಡಿರದ ನೆಲೆಗಳೂ ಇರುತ್ತವೆಂದು ಅದನ್ನು ಒಂದು ಅಂದಾಜಿನಿಂದ ಗುಣಿಸುತ್ತಾರೆ. ಇದು ಒರಟು ಲೆಕ್ಕ, ನಿಜ. ಆದರೆ ಸಮುದ್ರದ ತಳದಲ್ಲಿರುವ ಶಾರ್ಕನ್ನೂ ಯಾರೂ ಎಣಿಸಿಲ್ಲ. ಬಂದರಿಗೆ ಬಂದ ಮೀನಿನ ತೂಕದಿಂದ ಸಮುದ್ರದಲ್ಲಿ ಉಳಿದದ್ದನ್ನು ಊಹಿಸುವುದೂ ದಿಮ್ಮಿಗಳಿಂದ ಅಣಬೆಯನ್ನು ಊಹಿಸುವುದೂ ವಿಧಾನದಲ್ಲಿ ಅಷ್ಟೇನೂ ದೂರದವಲ್ಲ.

ಬೀಜಕಗಳ ಸಂಖ್ಯೆಯ ಬಗ್ಗೆ ತಾವು ಎತ್ತಿದ ಆಕ್ಷೇಪ ಸಹಜವಾದುದು, ಮತ್ತು ಈ ವಿಷಯದ ತಿರುಳೂ ಅಲ್ಲೇ ಇದೆ. ಗ್ಯಾನೋಡರ್ಮಾ ಕುಲದ ಒಂದು ದೊಡ್ಡ ಅಣಬೆ ದಿನಕ್ಕೆ ಸುಮಾರು 3,000 ಕೋಟಿ ಬೀಜಕಗಳನ್ನು ಚೆಲ್ಲಬಲ್ಲದೆಂದು ಶಿಲೀಂಧ್ರತಜ್ಞ ಬುಲ್ಲರ್ ಲೆಕ್ಕ ಹಾಕಿದ್ದರು. ಶಾರ್ಕಿನ ಇಪ್ಪತ್ತು ಮೂವತ್ತು ಮರಿಗಳ ಪಕ್ಕದಲ್ಲಿ ಈ ಸಂಖ್ಯೆ ನಗು ತರಿಸುವಂಥದ್ದು. ಆದರೆ ಶಾರ್ಕ್ ಮರಿ ಹುಟ್ಟುವಾಗಲೇ ಹಲ್ಲುಳ್ಳ, ಈಜಬಲ್ಲ, ಬೇಟೆಯಾಡಬಲ್ಲ ಜೀವಿ. ಬೀಜಕವೋ ಒಂದು ಧೂಳಿನ ಕಣ. ಅದಕ್ಕೆ ಸರಿಯಾದ ಜಾತಿಯ ಮರ ಸಿಗಬೇಕು, ಆ ಮರ ಸರಿಯಾದ ವಯಸ್ಸಿನದಾಗಿರಬೇಕು, ಗಾಯವೋ ಮುರಿದ ಕೊಂಬೆಯೋ ಇರಬೇಕು, ಸಾಕಷ್ಟು ತೇವ ಬೇಕು, ಬೇರೊಂದು ಶಿಲೀಂಧ್ರ ಆ ಜಾಗವನ್ನು ಮೊದಲೇ ಹಿಡಿದಿರಬಾರದು. ಅದರ ಮೇಲೆ, ಬಹಳ ಪ್ರಭೇದಗಳಲ್ಲಿ, ಅಲ್ಲೇ ಹತ್ತಿರದಲ್ಲಿ ಹೊಂದುವ ಇನ್ನೊಂದು ಬೀಜಕ ಮೊಳೆತು ಎರಡೂ ಜಾಲಗಳು ಕೂಡಿಕೊಳ್ಳಬೇಕು. ಗಾಳಿ ಬೀಜಕಗಳನ್ನು ದೂರ ಒಯ್ಯಬಲ್ಲದಾದರೂ ಅವುಗಳಲ್ಲಿ ಬಹುಪಾಲು ತಾಯಿ ಅಣಬೆಯ ಆಸುಪಾಸಿನಲ್ಲೇ ನೆಲಕ್ಕೆ ಬೀಳುತ್ತವೆ. ಹಾಗಾಗಿ ಹಳೆಯ ಮರಗಳು ದೂರ ದೂರವಾದಷ್ಟೂ ಕೋಟಿ ಎಂಬ ಸಂಖ್ಯೆಗೆ ಬೆಲೆ ಇಳಿಯುತ್ತ ಹೋಗುತ್ತದೆ.

ತಾವು ಪಟ್ಟಿಯಲ್ಲಿ ಕಂಡ ಅಗಾರಿಕಾನ್ ಇದಕ್ಕೆ ತಕ್ಕ ಉದಾಹರಣೆ. ಯುರೋಪ್, ಏಷ್ಯಾ ಮತ್ತು ಉತ್ತರ ಅಮೆರಿಕದ ಶೀತ ಅರಣ್ಯಗಳಲ್ಲಿ, ಮುಖ್ಯವಾಗಿ ಮುದಿ ಲಾರ್ಚ್ ಮರಗಳ ಮೇಲೆ ಅದು ಬೆಳೆಯುತ್ತದೆ. ಅಮೆರಿಕದ ಪಶ್ಚಿಮದಲ್ಲಿ ಡಗ್ಲಸ್ ಫರ್ ಮರಗಳ ಮೇಲೂ ಕಾಣುತ್ತದೆ. ಸುಣ್ಣದಂತೆ ಬಿಳುಪಾದ, ಬಾಯಿಗಿಟ್ಟರೆ ಕಹಿಯಾದ ಈ ಅಣಬೆ ವರ್ಷವರ್ಷವೂ ಕೆಳಗಿನಿಂದ ಒಂದು ಪದರ ಸೇರಿಸುತ್ತ ಹಲವು ದಶಕಗಳ ಕಾಲ ಕಂಬದ ಆಕಾರದಲ್ಲಿ ಇಳಿಬೀಳುತ್ತದೆ. ಗ್ರೀಕ್ ವೈದ್ಯ ಡಯಸ್ಕೊರಿಡೀಸ್ ಒಂದನೆಯ ಶತಮಾನದಲ್ಲೇ ಇದನ್ನು ಮದ್ದೆಂದು ಹೇಳಿದ್ದರಿಂದ ಯುರೋಪಿನಲ್ಲಿ ಶತಮಾನಗಳ ಕಾಲ ಕಿತ್ತು ಮಾರಿದರು. ಆ ಮಟ್ಟಿಗೆ ಇದರ ಕಥೆಗೂ ಶಾರ್ಕಿನ ಕಥೆಗೂ ಹೋಲಿಕೆಯಿದೆ. ಆದರೆ ಕಿತ್ತದ್ದಕ್ಕಿಂತ ದೊಡ್ಡ ನಷ್ಟವಾದದ್ದು ಮುದಿ ಲಾರ್ಚುಗಳು ಕಡಿಮೆಯಾದದ್ದರಿಂದ. ಅದಕ್ಕೆ ಬೇಕಾದದ್ದು ಲಾರ್ಚ್ ಮಾತ್ರವಲ್ಲ, ಶತಮಾನಗಳನ್ನು ಕಂಡ ಲಾರ್ಚ್. ಎಳೆಯ ನೆಡುತೋಪು ಎಷ್ಟು ಹಸಿರಾಗಿದ್ದರೂ ಅದರ ಪಾಲಿಗೆ ಬಯಲೇ.

ಮುದಿ ಮರ, ಸತ್ತ ಮರಗಳ ಈ ನಷ್ಟದ ಅಂಕಿಗಳು ಚೆನ್ನಾಗಿ ಸಿಗುವುದು ಫಿನ್ಲೆಂಡ್, ಸ್ವೀಡನ್‌ಗಳ ಕಡೆಯಿಂದ. ಅಲ್ಲಿನ ದಕ್ಷಿಣ ಭಾಗದ ಸಹಜ ಅರಣ್ಯದಲ್ಲಿ ಹೆಕ್ಟೇರಿಗೆ 60ರಿಂದ 120 ಘನ ಮೀಟರಿನಷ್ಟು ಸತ್ತ ಮರ, ನಿಂತದ್ದೂ ಬಿದ್ದದ್ದೂ ಸೇರಿ, ಇರುತ್ತದೆ. ಮರದ ಉದ್ಯಮಕ್ಕಾಗಿ ಅಚ್ಚುಕಟ್ಟಾಗಿ ನಿರ್ವಹಿಸಿದ ಕಾಡಿನಲ್ಲಿ ಅದು 10 ಘನ ಮೀಟರಿಗಿಂತಲೂ ಕೆಳಕ್ಕೆ ಇಳಿದಿತ್ತು. ಕಾಡು ನೋಡಲು ಸಮೃದ್ಧವಾಗಿಯೇ ಇತ್ತು, ಮರಗಳ ಸಂಖ್ಯೆಯೂ ಕುಗ್ಗಿರಲಿಲ್ಲ. ಆದರೆ ಫಿನ್ಲೆಂಡಿನ ಅರಣ್ಯಜೀವಿಗಳಲ್ಲಿ ನಾಲ್ಕು ಐದಕ್ಕೊಂದು ಪ್ರಭೇದ ಸತ್ತ ಮರವನ್ನೇ ನಂಬಿದ್ದು, ಅವುಗಳಲ್ಲಿ ಅನೇಕ ಅಣಬೆಗಳು ಅಳಿವಿನ ಪಟ್ಟಿಗೆ ಬಂದವು. ಮರದ ಗಡಸುತನಕ್ಕೆ ಕಾರಣವಾದ ಲಿಗ್ನಿನ್ ಎಂಬ ವಸ್ತುವನ್ನು ಸಂಪೂರ್ಣವಾಗಿ ಒಡೆಯುವ ಕೆಲಸ ಭೂಮಿಯ ಮೇಲೆ ಬಹುತೇಕ ಬಿಳಿಕೊಳೆಯ ಅಣಬೆಗಳದೇ. ಅಗಾರಿಕಾನ್‌ನಂಥ ಕಂದುಕೊಳೆಯ ಅಣಬೆಗಳು ಸೆಲ್ಯುಲೋಸನ್ನು ತಿಂದು ಲಿಗ್ನಿನ್ನಿನ ಹೆಚ್ಚಿನ ಭಾಗವನ್ನು ಕಂದು ಪುಡಿಯಾಗಿ ಬಿಟ್ಟುಹೋಗುತ್ತವೆ. ಈ ಎರಡು ಬಗೆಯವೂ ಇಲ್ಲವಾದರೆ ಬಿದ್ದ ಮರ ಮಣ್ಣಾಗುವುದಿಲ್ಲ.

ಹೋಲಿಕೆಯಲ್ಲಿ ಇನ್ನೊಂದು ವಿಚಿತ್ರವನ್ನೂ ಹೇಳಿಬಿಡಬೇಕು. ವಂಶವೃಕ್ಷದಲ್ಲಿ ಅಣಬೆ ತಾನು ಕೂತ ಮರಕ್ಕಿಂತ ಶಾರ್ಕಿಗೇ ಹತ್ತಿರದ ನೆಂಟ: ಶಿಲೀಂಧ್ರಗಳೂ ಪ್ರಾಣಿಗಳೂ ಒಂದೇ ಪೂರ್ವಜನಿಂದ ಕವಲೊಡೆದವು, ಸಸ್ಯಗಳ ಕವಲು ಅದಕ್ಕೂ ಹಿಂದೆಯೇ ಬೇರೆಯಾಗಿತ್ತು. ಕಾನೂನು ಮಾತ್ರ ಈ ನೆಂಟಸ್ತಿಕೆಯನ್ನು ಗುರುತಿಸಿಲ್ಲ. ನಮ್ಮ 1972ರ ವನ್ಯಜೀವಿ ಕಾಯ್ದೆಯ ಚೌಕಟ್ಟಿನಲ್ಲಿ ಪ್ರಾಣಿಗಳಿಗೆ ಅನುಸೂಚಿಗಳಿವೆ, ಸಸ್ಯಗಳಿಗೂ ಇದೆ. ಶಿಲೀಂಧ್ರವೆಂಬ ಮೂರನೆಯ ಜೀವಸಾಮ್ರಾಜ್ಯಕ್ಕೆ ಅದರದೇ ಆದ ಮನೆಯಿಲ್ಲ. ಬೇರೆ ಕಡೆಯೂ ಬಹುಕಾಲ ಹೀಗೇ ಇತ್ತು. ಅಮೆರಿಕದ ವಾಯವ್ಯದಲ್ಲಿ ನೋಬಲ್ ಫರ್ ಎಂಬ ದೊಡ್ಡ ಮರಗಳ ಮೇಲೆ ಬೆಳೆಯುವ, ನೂರು ಕಿಲೋಗ್ರಾಮಿಗೂ ಮೀರಿ ತೂಗಿದ ದಾಖಲೆಯಿರುವ ಬ್ರಿಡ್ಜಿಯೋಪೋರಸ್ ಎಂಬ ಅಣಬೆ 1995ರಲ್ಲಿ ಆರೆಗಾನ್ ರಾಜ್ಯದ ಅಳಿವಿನಂಚಿನ ಪಟ್ಟಿಗೆ ಸೇರಿದಾಗ ಅದೇ ಒಂದು ಸುದ್ದಿಯಾಗಿತ್ತು. ಜಾಗತಿಕ ಕೆಂಪು ಪಟ್ಟಿಯಲ್ಲಿ ಮೌಲ್ಯಮಾಪನಗೊಂಡ ಶಿಲೀಂಧ್ರಗಳ ಸಂಖ್ಯೆ 1,300ನ್ನು ಮುಟ್ಟಿದ್ದು 2025ರ ಮಾರ್ಚಿನಲ್ಲಷ್ಟೇ. ಅವುಗಳಲ್ಲಿ 411 ಪ್ರಭೇದಗಳಿಗೆ ಅಪಾಯವಿದೆ ಎಂದು ಕಂಡುಬಂದಿತು. ಇದನ್ನು ಓದಿ ಶಿಲೀಂಧ್ರಗಳಲ್ಲೂ ಮೂರಕ್ಕೊಂದು ಅಳಿಯುತ್ತಿದೆ ಎಂದು ಮೊಮ್ಮಗಳು ಪ್ರಾಜೆಕ್ಟಿನಲ್ಲಿ ಬರೆಯದಂತೆ ದಯವಿಟ್ಟು ನೋಡಿಕೊಳ್ಳಿ. ಶಾರ್ಕುಗಳಲ್ಲಿ ಗೊತ್ತಿರುವ ಸುಮಾರು 1,200 ಪ್ರಭೇದಗಳನ್ನೂ, ತೊರಕೆ ಮುಂತಾದವು ಸೇರಿ, ಪರಿಶೀಲಿಸಿದ್ದಾರೆ. ಶಿಲೀಂಧ್ರಗಳಲ್ಲಿ ಹೆಸರಿಟ್ಟವೇ ಒಂದೂವರೆ ಲಕ್ಷದಷ್ಟು, ಇರಬಹುದಾದವು 22 ಲಕ್ಷದಿಂದ 38 ಲಕ್ಷ ಎಂಬ ಅಂದಾಜಿದೆ, ಮತ್ತು ಪರಿಶೀಲನೆಗೆ ಮೊದಲು ಎತ್ತಿಕೊಳ್ಳುವುದು ಕಷ್ಟದಲ್ಲಿವೆ ಎಂಬ ಶಂಕೆ ಇರುವವನ್ನೇ.

ಶಾರ್ಕಿಗಿಲ್ಲದ ಒಂದು ಅನುಕೂಲ ಅಣಬೆಗಿದೆ. ಅದರ ತಂತುವಿನ ಚೂರನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕಾಪಿಡಬಹುದು; ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹವೇ ಇದೆ. ಆದರೆ ಗಾಜಿನ ನಳಿಕೆಯಲ್ಲಿ ಉಳಿದ ಪ್ರಭೇದ ಕಾಡಿನಲ್ಲಿ ಉಳಿದಂತಲ್ಲ, ಕೆಂಪು ಪಟ್ಟಿಯೂ ಅದನ್ನು ಹಾಗೆ ಎಣಿಸುವುದಿಲ್ಲ. ಕಾಡಿನಲ್ಲಿ ಉಳಿಸುವ ಉಪಾಯವನ್ನು ಕಲಿಯಲು ನಾವು ಫಿನ್ಲೆಂಡಿಗೆ ಹೋಗಬೇಕಾಗಿಲ್ಲ. ಪಶ್ಚಿಮ ಮಹಾರಾಷ್ಟ್ರದ ದೇವರಾಯಿಗಳನ್ನು, ನಮ್ಮ ಕಡೆಯ ದೇವರಕಾಡುಗಳಂಥವನ್ನು, ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ 1970ರ ದಶಕದಲ್ಲಿ ಅಧ್ಯಯನ ಮಾಡಿದ್ದರು. ಅಂಥ ಅನೇಕ ಬನಗಳಲ್ಲಿ ಒಣಗಿ ಬಿದ್ದ ಕಟ್ಟಿಗೆಯನ್ನೂ ಒಯ್ಯಬಾರದೆಂಬ ಕಟ್ಟಳೆಯಿತ್ತು. ಅಣಬೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿಯಮ ಅದಲ್ಲ, ಆದರೂ ಮರ ಕೊಳೆಸುವ ಅಣಬೆಗೆ ಬೇಕಾದದ್ದು ಅಕ್ಷರಶಃ ಅಷ್ಟೇ. ಮಳೆಗಾಲದ ರಾತ್ರಿ ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ಹಸಿರು ಬೆಳಕು ಬೀರುವ ಅಣಬೆಗಳನ್ನು ನೋಡಲು ಹೋಗುವವರಲ್ಲಿ ಎಷ್ಟು ಮಂದಿಗೆ ತಾವು ನೋಡುತ್ತಿರುವುದು ಕೊಳೆಯುತ್ತಿರುವ ಕಟ್ಟಿಗೆಯನ್ನೆಂದು ಅನ್ನಿಸುತ್ತದೋ!

ಕೊನೆಗೆ ತಮ್ಮ ಗುಲ್‌ಮೊಹರ್. ಬುಡದಲ್ಲಿ ಏಳುವ ಅಣಬೆ ಅರ್ಧಚಂದ್ರಾಕಾರವಾಗಿ, ಕೆಂಗಂದು ಬಣ್ಣದಲ್ಲಿ, ಎಣ್ಣೆ ಬಳಿದಂತೆ ಹೊಳೆಯುತ್ತ, ಅಂಚಿನಲ್ಲಿ ಬಿಳಿಯಾಗಿದ್ದರೆ ಅದು ಬಹುಶಃ ಗ್ಯಾನೋಡರ್ಮಾ. ಅದು ನಗರದ ಮರಗಳಲ್ಲಿ ಸಾಮಾನ್ಯವಾದದ್ದು. ಅದನ್ನು ಉಳಿಸುವ ಹೊಣೆ ಸೊಸೈಟಿಗಿಲ್ಲ. ಹಾಗೆಂದು ಕೆತ್ತಿ ತೆಗೆದರೆ ಪ್ರಯೋಜನವೂ ಇಲ್ಲ, ಏಕೆಂದರೆ ಬೇರು ಮತ್ತು ಬುಡದೊಳಗಿನ ಜಾಲ ಹಾಗೆಯೇ ಇರುತ್ತದೆ. ಕೆತ್ತಿದ್ದರಿಂದ ಅಪಾಯದ ಸೂಚನೆಯಷ್ಟೇ ಮರೆಯಾಗುತ್ತದೆ. ಪ್ರತಿ ವರ್ಷ ಬುಡದಲ್ಲೇ ಏಳುತ್ತಿದೆ ಎಂದರೆ ಬೇರಿನ ಹಿಡಿತ ಸಡಿಲವಾಗಿರಬಹುದು, ಮೇಲೆ ಎಲೆ ಹಸಿರಾಗಿದ್ದರೂ ಜೂನ್-ಜುಲೈ ಗಾಳಿಗೆ ಮರ ಬುಡಸಮೇತ ಉರುಳಬಹುದು. ಆದ್ದರಿಂದ ಮಳೆ ಹಿಡಿಯುವ ಮೊದಲೇ ಮಹಾನಗರಪಾಲಿಕೆಯ ಉದ್ಯಾನ ವಿಭಾಗಕ್ಕೆ ಬರೆದು ಪರೀಕ್ಷೆ ಮಾಡಿಸಿ. ತಾವಾಗಿ ಕಡಿಸಬೇಡಿ, ಮಹಾರಾಷ್ಟ್ರದ 1975ರ ನಗರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಅಲ್ಲಿಯವರೆಗೆ ಮರದ ಕೆಳಗೆ ವಾಹನ ನಿಲ್ಲಿಸುವುದನ್ನೂ ಮಕ್ಕಳ ಆಟವನ್ನೂ ಬೇರೆಡೆಗೆ ಒಯ್ಯಿರಿ. ಬುಡಕ್ಕೆ ಒತ್ತಿ ಸಿಮೆಂಟ್ ಹಾಕಿದ್ದರೆ ಬೇರಿಗೆ ಗಾಯವಾಗದಂತೆ ಒಡೆಸಿ ಮಣ್ಣು ತೆರೆಯಿರಿ. ಸೊಸೈಟಿಯ ಉಳಿದ ಮರಗಳಿಗೂ ಹಾಗೆಯೇ ಮಾಡಿಸಿ, ಏಕೆಂದರೆ ಬೇರು ಗಾಯಗೊಂಡು ಉಸಿರು ಕಟ್ಟಿದ ಮರಕ್ಕೇ ಈ ಅಣಬೆ ಸುಲಭವಾಗಿ ಹತ್ತುವುದು. ಪಾಲಿಕೆಯವರು ಮರ ತೆಗೆದರೆ ಅದೇ ಗುಂಡಿಯಲ್ಲಿ ಮತ್ತೊಂದು ಗುಲ್‌ಮೊಹರ್ ನೆಡಬೇಡಿ. ಮಣ್ಣಿನಲ್ಲಿ ಉಳಿದ ಬೇರುಗಳಲ್ಲಿ ಗ್ಯಾನೋಡರ್ಮಾ ವರ್ಷಗಟ್ಟಲೆ ಬದುಕಿರುತ್ತದೆ; ಬೇರುಗಳನ್ನು ಆದಷ್ಟು ಅಗೆದು ತೆಗೆಸಿ, ಹೊಸ ಗಿಡವನ್ನು ಕೆಲವು ಮೀಟರ್ ದೂರದಲ್ಲಿ ನೆಡಿಸಿ.